ಗಾಡಿಯ ಕಂದೀಲಿನಿಂದ ಕಿತ್ತಳೆ ತ್ರಿಕೋನದವರೆಗೆ

ಹೆಬ್ಬಾಳದಿಂದ ಯಲಹಂಕದ ಕಡೆಗೆ ಹೋಗುವ ಬಳ್ಳಾರಿ ರಸ್ತೆ ಒಂದು ಕಾಲಕ್ಕೆ ಎತ್ತಿನ ಗಾಡಿಗಳ ದಾರಿಯಾಗಿತ್ತು. ಸುತ್ತಲಿನ ಹಳ್ಳಿಗಳ ರಾಗಿ, ತರಕಾರಿ, ಹುಲ್ಲು ಇದೇ ದಾರಿಯಲ್ಲಿ ಪೇಟೆಗೆ ಬರುತ್ತಿದ್ದವು. ಗಾಡಿಯ ವೇಗ ಮನುಷ್ಯನ ನಡಿಗೆಯಷ್ಟೇ. ರಾತ್ರಿ ಪ್ರಯಾಣದಲ್ಲಿ ಗಾಡಿಯ ಕೆಳಗೆ ಕಂದೀಲೊಂದು ತೂಗಾಡುತ್ತಿತ್ತು. ಹಿಂದೆ ಬರುವವರಿಗೆ ಅದೇ ಎಚ್ಚರಿಕೆ.

1899ರಲ್ಲಿ ಹೆಬ್ಬಾಳದಲ್ಲಿ ಕೃಷಿ ಪ್ರಯೋಗ ಕ್ಷೇತ್ರ ಆರಂಭವಾಯಿತು. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಕಾಲಕ್ರಮದಲ್ಲಿ ಎತ್ತಿನ ಗಾಡಿಯ ಸ್ಥಾನಕ್ಕೆ ಟ್ರ್ಯಾಕ್ಟರ್ ಬಂದಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆದ ಮೇಲೆ ಈ ರಸ್ತೆಯ ವೇಗವೇ ಬದಲಾಯಿತು. ಆದರೆ ನಿಧಾನದ ವಾಹನಗಳು ಮಾಯವಾಗಲಿಲ್ಲ. ಹುಲ್ಲು ಹೊತ್ತ ಟ್ರ್ಯಾಕ್ಟರ್, ರಸ್ತೆ ವಿಭಜಕದ ಗಿಡಗಳಿಗೆ ನೀರುಣಿಸುವ ಟ್ಯಾಂಕರ್, ಡಾಂಬರು ಹಾಕುವಾಗ ಬರುವ ರೋಡ್ ರೋಲರ್, ಇವೆಲ್ಲ ನಗರಕ್ಕೆ ಬೇಕಾದವುಗಳೇ.

ವಿದ್ಯಾರ್ಥಿ ಮಿತ್ರರೇ, ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ನಿಮ್ಮ ಕಾರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದೆ. 100 ಮೀಟರ್ ಮುಂದೆ ಇನ್ನೊಂದು ಕಾರು 60ರ ವೇಗದಲ್ಲಿದ್ದರೆ, ಅದನ್ನು ಮುಟ್ಟಲು 18 ಸೆಕೆಂಡು ಬೇಕು. ಅಲ್ಲಿ 20ರ ವೇಗದ ಟ್ರ್ಯಾಕ್ಟರ್ ಇದ್ದರೆ ಕೇವಲ 6 ಸೆಕೆಂಡು! ಮೂರು ಸೆಕೆಂಡು ಮೊಬೈಲ್ ನೋಡಿದರೆ ಅರ್ಧ ಅಂತರ ಮುಗಿದಿರುತ್ತದೆ. ನಮ್ಮ ಕಣ್ಣಿಗೂ ಒಂದು ಮಿತಿಯಿದೆ. ದೂರದ ವಸ್ತು ಹತ್ತಿರವಾಗುತ್ತಿದ್ದರೂ ಅದರ ಬಿಂಬ ಮೊದಮೊದಲು ಬಹು ನಿಧಾನವಾಗಿ ದೊಡ್ಡದಾಗುತ್ತದೆ, ಕೊನೆಯ ಕ್ಷಣಗಳಲ್ಲಿ ಥಟ್ಟನೆ ಹಿಗ್ಗುತ್ತದೆ. ಆಗ ಬ್ರೇಕ್ ತುಳಿದು ಪ್ರಯೋಜನವಿಲ್ಲ.

ಅಮೆರಿಕದ ಓಹಾಯೋ ರಾಜ್ಯದ ವಿಶ್ವವಿದ್ಯಾನಿಲಯದಲ್ಲಿ 1960ರ ದಶಕದ ಆರಂಭದಲ್ಲಿ ಈ ಸಮಸ್ಯೆಗೆ ಉತ್ತರ ಹುಡುಕಲಾಯಿತು. ಕೃಷಿ ವಾಹನದ ಹಿಂದೆ ಕೆಂಪು ಅಂಚಿನ ಕಿತ್ತಳೆ ಬಣ್ಣದ ತ್ರಿಕೋನ ಅಂಟಿಸುವ ಪದ್ಧತಿ ಅಲ್ಲಿಂದ ಹಲವು ದೇಶಗಳಿಗೆ ಹರಡಿತು. ನಮ್ಮಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಾಹನಗಳ ಹಿಂಬದಿಗೆ ಕೆಂಪು ಪ್ರತಿಫಲಕ ಇರಬೇಕೆನ್ನುತ್ತವೆ. 2019ರ ತಿದ್ದುಪಡಿ, ಚಾಲನೆಯಲ್ಲಿ ಮೊಬೈಲ್ ಹಿಡಿದು ಬಳಸುವುದನ್ನು ಅಪಾಯಕಾರಿ ಚಾಲನೆಯ ಸಾಲಿಗೆ ಸೇರಿಸಿತು. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಟ್ರ್ಯಾಕ್ಟರ್‌ಗಳನ್ನು ನಿಷೇಧಿಸಲಾಯಿತು. ಆದರೆ ಎಲ್ಲ ರಸ್ತೆಗಳಲ್ಲೂ ಹೀಗೆ ಮಾಡಲಾಗದು. ರಸ್ತೆ ದುರಸ್ತಿಯ ವಾಹನವಂತೂ ಯಾವ ಹೆದ್ದಾರಿಗಾದರೂ ಇಳಿಯಲೇಬೇಕು.

ಕೆಲವು ವರ್ಷಗಳ ಹಿಂದೆ ಕೃಷಿ ಮೇಳದ ಚಿತ್ರೀಕರಣ ಮುಗಿಸಿ ಮುಸ್ಸಂಜೆಯಲ್ಲಿ ಕಾರು ನಡೆಸಿಕೊಂಡು ಬರುತ್ತಿದ್ದೆ. ಪಕ್ಕದ ಸೀಟಿನ ಕಾಗದಗಳತ್ತ ಒಮ್ಮೆ ಕಣ್ಣು ಹಾಯಿಸಿ ತಲೆ ಎತ್ತುವಷ್ಟರಲ್ಲಿ ಮುಂದೆ ಹುಲ್ಲಿನ ಹೊರೆ ಗೋಡೆಯಂತೆ ನಿಂತಿತ್ತು. ಮೇಲೆ ಇಬ್ಬರು ಕೂಲಿಯವರು ಕುಳಿತಿದ್ದರು. ಕಾರು ಹೇಗೋ ನಿಂತಿತು. ಟ್ರೇಲರ್‌ನ ಹಿಂದೆ ಕೆಂಪು ಪ್ರತಿಫಲಕ ಹೊಳೆಯುತ್ತಲೇ ಇತ್ತು. ನೋಡದಿದ್ದವನು ನಾನು.

ಕಂದೀಲಾಗಲಿ, ತ್ರಿಕೋನವಾಗಲಿ, ಹೇಳಬೇಕಾದ್ದನ್ನು ಹೇಳುತ್ತದೆ. ಅದನ್ನು ಓದುವ ಕಣ್ಣು ರಸ್ತೆಯ ಮೇಲಿರಬೇಕು.