ಡ್ರೋನ್ ಬಿದ್ದಾಗ ‘ಪೈಲಟ್ ತಪ್ಪು’ ಅಂದರೆ ಮುಗಿಯಿತಾ?

ಸೇಡಂ, ಚಿತ್ತಾಪುರ, ಚಿಂಚೋಳಿಯಂಥ ತೊಗರಿ ಸೀಮೆಯಲ್ಲಿ ಈಗ ಔಷಧಿ ಸಿಂಪಡಣೆ ಎಂದರೆ ಡ್ರೋನ್ ಮಾತು ಬಂದೇ ಬರುತ್ತದೆ. ವಾಡಿ, ಶಹಾಬಾದ್ ಸುತ್ತಲಿನ ಸುಣ್ಣದಕಲ್ಲು ಗಣಿಗಾರಿಕೆಗೂ ಅದು ಬೇಕು. 50 ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಗಣಿ ಗುತ್ತಿಗೆದಾರರು ವರ್ಷಕ್ಕೊಮ್ಮೆ ಡ್ರೋನ್ ಸಮೀಕ್ಷೆಯ ಚಿತ್ರ ಸಲ್ಲಿಸಬೇಕೆಂದು ಕೇಂದ್ರ ಸರ್ಕಾರ 2021ರಲ್ಲೇ ನಿಯಮ ಮಾಡಿದೆ. ಹೆಸರಿಗೆ ಇದು ಮಾನವರಹಿತ ವಿಮಾನ. ಆದರೆ ಅದನ್ನು ಹಾರಿಸುವ ಮನುಷ್ಯರು ಹೊಲದ ಬದುವಿನ ಮೇಲೆ ಬಿಸಿಲಲ್ಲಿ ನಿಂತಿರುತ್ತಾರೆ.

ಹ್ಯೂಮನ್ ಫ್ಯಾಕ್ಟರ್ಸ್ ಅಂದರೇನು?

ಯಂತ್ರದ ವಿನ್ಯಾಸ, ಕೆಲಸದ ಜಾಗ, ದಣಿವು, ಒತ್ತಡ ಇವೆಲ್ಲ ಮನುಷ್ಯರ ನಿರ್ಧಾರವನ್ನು ಹೇಗೆ ಬದಲಿಸುತ್ತವೆ ಎಂಬುದರ ಅಧ್ಯಯನ. ವಿಮಾನದೊಳಗಿನ ಪೈಲಟ್‌ಗೆ ಅದುರುವಿಕೆ, ಸದ್ದು, ಓಲಾಟ ಎಲ್ಲವೂ ಎಚ್ಚರಿಕೆಯೇ. ನೆಲದ ಮೇಲಿರುವವರಿಗೆ ಹೆಚ್ಚಾಗಿ ಕಣ್ಣು ಮತ್ತು ಸ್ಕ್ರೀನೇ ಗತಿ.

ಒಂದು ಉದಾಹರಣೆ. 2006ರ ಏಪ್ರಿಲ್ 25ರಂದು ಅಮೆರಿಕದ ಅರಿಜೋನಾದಲ್ಲಿ ಗಡಿ ಕಾಯುತ್ತಿದ್ದ ಪ್ರಿಡೇಟರ್ ಬಿ ಬಿತ್ತು. ಪೈಲಟ್‌ನ ಕನ್ಸೋಲ್ ಸ್ಥಗಿತಗೊಂಡಿತ್ತು. ಅವರು ಪಕ್ಕದ ಕನ್ಸೋಲ್‌ಗೆ ನಿಯಂತ್ರಣ ಬದಲಿಸಿದರು. ಅಲ್ಲಿ ಕ್ಯಾಮೆರಾಗೆ ಬಳಸುತ್ತಿದ್ದ ಲಿವರ್, ಹಾರಾಟದ ನಿಯಂತ್ರಣ ಬಂದೊಡನೆ ಎಂಜಿನ್‌ನ ಇಂಧನ ಬಂದ್ ಮಾಡಿತು. ಪೈಲಟ್ ಚೆಕ್‌ಲಿಸ್ಟ್ ಪಾಲಿಸಿರಲಿಲ್ಲ, ನಿಜ. ಆದರೆ ತನಿಖಾ ಮಂಡಳಿ ಅಷ್ಟಕ್ಕೇ ಕಡತ ಮುಚ್ಚಲಿಲ್ಲ. ನಿರ್ವಹಣೆ, ಮೇಲ್ವಿಚಾರಣೆಯ ಲೋಪಗಳನ್ನೂ ಎತ್ತಿ ತೋರಿಸಿ 22 ಶಿಫಾರಸು ಕೊಟ್ಟಿತು.

ನಮ್ಮ ಹೊಲದಲ್ಲಿ ಎಡವಟ್ಟು ಎಲ್ಲಿ?

* ದಿಕ್ಕು: ಡ್ರೋನ್ ಮೂತಿ ನಿಮ್ಮ ಕಡೆ ತಿರುಗಿದಾಗ ಎಡ-ಬಲ ಅದಲುಬದಲು. ಗಾಬರಿಯಲ್ಲಿ ಕೈ ಹಳೇ ರೂಢಿಯಂತೆಯೇ ಓಡುತ್ತದೆ.
* ತಂತಿ: ಪಂಪ್‌ಸೆಟ್‌ನ ಕರೆಂಟ್ ತಂತಿ ದೂರದಿಂದ ಕಾಣುವುದೇ ಕಷ್ಟ. ಸಿಗ್ನಲ್ ಕಡಿದಾಗ ಡ್ರೋನ್ ತಾನಾಗಿ ಮರಳುವ ಎತ್ತರವನ್ನು ಮರ, ತಂತಿಗಿಂತ ಮೇಲೆ ಇಡದಿದ್ದರೆ ಅದು ನೇರ ಅಲ್ಲಿಗೇ ನುಗ್ಗುತ್ತದೆ.
* ದಣಿವು: ಬ್ಯಾಟರಿ ಹತ್ತು-ಹದಿನೈದು ನಿಮಿಷಕ್ಕೆ ಖಾಲಿ. ಪ್ರತಿ ಸಲ ಇಳಿಸು, ಬ್ಯಾಟರಿ ಬದಲಿಸು, ಟ್ಯಾಂಕ್ ತುಂಬಿಸು, ಮತ್ತೆ ಏರಿಸು. ಇಪ್ಪತ್ತನೇ ಸಲಕ್ಕೆ ರೆಕ್ಕೆಯ ಸ್ಕ್ರೂ ಯಾರು ನೋಡುತ್ತಾರೆ? ಬಾಡಿಗೆ ಎಕರೆ ಲೆಕ್ಕದಲ್ಲಿದ್ದರೆ ವಿಶ್ರಾಂತಿ ಎಂದರೆ ನಷ್ಟ.
* ವಿಷ: ಗಾಳಿ ತಿರುಗಿದರೆ ಔಷಧಿಯ ಹನಿ ಮೊದಲು ಬರುವುದು ಬದುವಿನಲ್ಲಿ ನಿಂತವರ ಮೇಲೇ.

ನಿಯಮ ಏನು ಹೇಳುತ್ತದೆ?

ಡ್ರೋನ್ ನಿಯಮಗಳು 2021ರ ಪ್ರಕಾರ ಸಿಂಪಡಣೆ ಡ್ರೋನ್ ಹಾರಿಸಲು ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು. ವಯಸ್ಸು 18ರಿಂದ 65, ಹತ್ತನೇ ತರಗತಿ ಪಾಸು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ. ಹಸಿರು ವಲಯದಲ್ಲಿ 400 ಅಡಿವರೆಗೆ ಅನುಮತಿ ಬೇಡ. ಸೇಡಂ ರಸ್ತೆಯ ಕಲಬುರಗಿ ವಿಮಾನ ನಿಲ್ದಾಣದ ಸುತ್ತ ಬೇರೆ ಮಿತಿಗಳಿವೆ, ಮೊದಲು ನಕ್ಷೆ ನೋಡಿ. ಅಪಘಾತವಾದರೆ 48 ಗಂಟೆಯೊಳಗೆ ಡಿಜಿಟಲ್ ಸ್ಕೈನಲ್ಲಿ ವರದಿ ಮಾಡಬೇಕು.

ಆದರೆ ದಿನಕ್ಕೆ ಎಷ್ಟು ಗಂಟೆ ಹಾರಿಸಬಹುದು ಎಂಬ ಮಿತಿಯೇ ಈ ನಿಯಮಗಳಲ್ಲಿಲ್ಲ. ಏರ್‌ಲೈನ್ ಪೈಲಟ್‌ಗಳಿಗೆ ಡ್ಯೂಟಿ ಮಿತಿ, ಕಡ್ಡಾಯ ವಿಶ್ರಾಂತಿ ಎರಡೂ ಇವೆ. ನಮೋ ಡ್ರೋನ್ ದೀದಿಯಲ್ಲಿ 15 ದಿನ ತರಬೇತಿ ಪಡೆದು ಬಂದ ಸ್ವಸಹಾಯ ಸಂಘದ ಮಹಿಳೆಗೆ ಅದು ಬೇಡವೇ?

ಏನು ಕೇಳಬೇಕು?

ಒಂದು, ಹಾರಾಟದ ಗಂಟೆಗಳಿಗೆ ಮಿತಿ. ಎರಡು, ಪೈಲಟ್ ಜೊತೆ ತಂತಿ, ಜನ, ಗಾಳಿ ನೋಡಲು ಇನ್ನೊಬ್ಬರು, ಅವರಿಗೂ ಕೂಲಿ. ಮೂರು, ಸ್ವಲ್ಪದರಲ್ಲಿ ತಪ್ಪಿದ ಅಪಘಾತಗಳನ್ನು ಹೆದರಿಕೆಯಿಲ್ಲದೆ ಬರೆಸಲು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಒಂದು ದಾಖಲೆ ಪುಸ್ತಕ. ತಂತಿಗೆ ತಾಗುವುದರಲ್ಲಿದ್ದ ಡ್ರೋನ್ ಬಗ್ಗೆ ಇವತ್ತು ಯಾರೂ ಬಾಯಿಬಿಡದಿದ್ದರೆ, ನಾಳೆ ಅದೇ ಹೊಲಕ್ಕೆ ಬರುವ ಪೈಲಟ್‌ಗೆ ಆ ತಂತಿ ಇದೆ ಅಂತ ಗೊತ್ತಾಗುವುದು ಹೇಗೆ?