ಲ್ಯಾಪ್‌ಟಾಪ್ ದುರಸ್ತಿ ಮತ್ತು ಡೇಟಾ ರಿಕವರಿ

ಕೆಟ್ಟುನಿಂತ ಲ್ಯಾಪ್‌ಟಾಪನ್ನು ಮತ್ತೆ ಚಾಲೂ ಮಾಡುವುದು ಒಂದು ಕೆಲಸ. ಅದರೊಳಗಿನ ಫೋಟೊ, ಲೆಕ್ಕಪತ್ರ, ಬರಹಗಳನ್ನು ಹೊರತೆಗೆಯುವುದು ಇನ್ನೊಂದು. ಒಂದೇ ಅಂಗಡಿಯಲ್ಲಿ ನಡೆದರೂ ಎರಡಕ್ಕೂ ಬೇಕಾದ ಉಪಕರಣ, ಕೈಚಳಕ ಬೇರೆ. ಡೇಟಾ ಮುಖ್ಯವಾಗಿದ್ದರೆ ಮೊದಲು ಅದನ್ನು ತೆಗೆದಿಟ್ಟು, ದುರಸ್ತಿಗೆ ಆಮೇಲೆ ಕೈಹಾಕಬೇಕು.

ಪರದೆ ಕಪ್ಪಾದ ಮಾತ್ರಕ್ಕೆ ಡೇಟಾ ಹೋಯಿತೆಂದಲ್ಲ. ಬ್ಯಾಟರಿ, ಚಾರ್ಜಿಂಗ್ ಪಿನ್, ಡಿಸ್‌ಪ್ಲೇ ಕೇಬಲ್, ರ‍್ಯಾಮ್ ಇವುಗಳಲ್ಲಿ ಯಾವುದು ಕೈಕೊಟ್ಟರೂ ಡಿಸ್ಕ್ ಒಳಗೆ ಕ್ಷೇಮವಾಗಿಯೇ ಇರಬಹುದು. ಅದನ್ನು ಬಿಚ್ಚಿ, ಯುಎಸ್‌ಬಿ ಕೇಸಿಗೆ ಹಾಕಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಸಾಕಾಗುವುದುಂಟು. ಮದರ್‌ಬೋರ್ಡೇ ಕೆಟ್ಟಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ 'ಚಿಪ್ ಲೆವೆಲ್' ಕೆಲಸ ಬಲ್ಲವರನ್ನು ಹುಡುಕಬೇಕು. ಅವರು ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಗ್ರೌಂಡಿಗೆ ಹಿಡಿದು, ಇನ್ನೊಂದನ್ನು ಎಳ್ಳಿನಷ್ಟು ಸಣ್ಣ ಕೆಪ್ಯಾಸಿಟರ್‌ಗಳಿಗೆ ಒಂದೊಂದಾಗಿ ಮುಟ್ಟಿಸುತ್ತಾ ಹೋಗುತ್ತಾರೆ. ಬೀಪ್ ಸದ್ದು ಬರಬಾರದ ಕಡೆ ಬಂದರೆ ಆ ಸಾಲಿನಲ್ಲಿ ಎಲ್ಲೋ ಶಾರ್ಟ್ ಆಗಿದೆ ಎಂದರ್ಥ.

ಕೀಬೋರ್ಡಿನ ಮೇಲೆ ಕಾಫಿ ಚೆಲ್ಲಿದರೆ ಕೂಡಲೇ ಆಫ್ ಮಾಡಿ ಚಾರ್ಜರ್ ಕೀಳಬೇಕು. ತೇವವಿದ್ದಾಗ ವಿದ್ಯುತ್ ಹರಿದರೆ ಬೋರ್ಡು ಬೇಗ ತುಕ್ಕು ಹಿಡಿಯುತ್ತದೆ. ಅಕ್ಕಿಯಲ್ಲಿ ಹೂತಿಡುವುದರಿಂದ ಪ್ರಯೋಜನವಿಲ್ಲ. ಬಿಚ್ಚಿ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆಯಬೇಕಾಗುತ್ತದೆ.

ಹಾರ್ಡ್ ಡಿಸ್ಕೇ ಕೆಟ್ಟರೆ ಕಥೆ ಬೇರೆ. ಲ್ಯಾಪ್‌ಟಾಪಿನ ಸಾಮಾನ್ಯ ಡಿಸ್ಕಿನ ತಟ್ಟೆಗಳು ನಿಮಿಷಕ್ಕೆ 5,400 ಸುತ್ತು ತಿರುಗುತ್ತವೆ. ಓದುವ ಹೆಡ್ ಅವುಗಳಿಂದ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ. ಟಿಕ್ ಟಿಕ್ ಸದ್ದು ಬಂದರೆ ಹೆಡ್ ಹಾಳಾಗಿರುವ ಸಂಭವ ಹೆಚ್ಚು. 'ಇನ್ನೊಂದು ಸಲ ನೋಡೋಣ' ಎಂದು ಆನ್ ಮಾಡಿದಾಗೆಲ್ಲ ತಟ್ಟೆಯ ಮೇಲೆ ಗೀರು ಬೀಳಬಹುದು. ಅಂಥ ಡಿಸ್ಕನ್ನು ದೂಳಿಲ್ಲದ ಕೋಣೆಯಲ್ಲೇ ತೆರೆದು, ಅದೇ ಮಾದರಿಯ ಇನ್ನೊಂದು ಡಿಸ್ಕಿನ ಹೆಡ್ ಜೋಡಿಸಬೇಕು. ಸದ್ದಿಲ್ಲದೆ ಅಲ್ಲಲ್ಲಿ ಓದಲಾಗದ ಡಿಸ್ಕಿಗೆ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವಿದೆ. ಅದು ಸುಲಭವಾಗಿ ಸಿಗುವ ಭಾಗವನ್ನು ಮೊದಲು ನಕಲಿಸಿಕೊಂಡು, ಕೆಟ್ಟ ಜಾಗಕ್ಕೆ ಕೊನೆಯಲ್ಲಿ ಮರಳುತ್ತದೆ. ಮುಂದಿನ ಹುಡುಕಾಟವೆಲ್ಲ ಆ ನಕಲಿನ ಮೇಲೆಯೇ ನಡೆಯಬೇಕು.

ಕೊಲಂಬಿಯಾ ಗಗನನೌಕೆಯ ಡಿಸ್ಕ್ ಈ ವಿದ್ಯೆಯ ಅತ್ಯಂತ ಪ್ರಸಿದ್ಧ ಉದಾಹರಣೆ. 2003ರ ಫೆಬ್ರುವರಿ 1ರಂದು ನೌಕೆ ಛಿದ್ರವಾಗಿ ಏಳು ಗಗನಯಾತ್ರಿಗಳು ತೀರಿಕೊಂಡರು. ಕರ್ನಾಲ್‌ನಲ್ಲಿ ಹುಟ್ಟಿದ ಕಲ್ಪನಾ ಚಾವ್ಲಾ ಅವರಲ್ಲೊಬ್ಬರು. ಕ್ಸೆನಾನ್ ಅನಿಲದ ಸ್ನಿಗ್ಧತೆಯ ಪ್ರಯೋಗದ ದಾಖಲೆಗಳಿದ್ದ ಸೀಗೇಟ್ ಡಿಸ್ಕ್ ಸುಟ್ಟು ಕರಕಲಾಗಿ ಅವಶೇಷಗಳ ನಡುವೆ ಸಿಕ್ಕಿತು. ಸೀಲ್ ಕರಗಿ ಒಳಗೆ ದೂಳು ನುಗ್ಗಿತ್ತು. ಕ್ರೋಲ್ ಆನ್‌ಟ್ರ್ಯಾಕ್ ಸಂಸ್ಥೆಯ ಎಂಜಿನಿಯರುಗಳು ತಟ್ಟೆಗಳನ್ನು ತೊಳೆದು ಬೇರೆ ಡಿಸ್ಕಿಗೆ ಕೂರಿಸಿ ಸುಮಾರು 99% ಡೇಟಾ ಪಡೆದರು. ಹಳೆಯ ಡಾಸ್ ವ್ಯವಸ್ಥೆ ಡೇಟಾವನ್ನು ಚದುರಿಸದೆ ಒಂದೇ ಕಡೆ ಬರೆದಿದ್ದು, ಪೆಟ್ಟು ಖಾಲಿ ಭಾಗಕ್ಕೆ ಬಿದ್ದದ್ದು ಅನುಕೂಲವಾಯಿತು. ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಅದೇ ನೌಕೆಯ ಇನ್ನೆರಡು ಡಿಸ್ಕ್‌ಗಳಿಂದ ಏನೂ ಸಿಗಲಿಲ್ಲ.

ಅಳಿಸಿದ ಕಡತ ಮರಳಿ ಸಿಗುವುದಕ್ಕೂ ಕಾರಣವಿದೆ. ಪಹಣಿಯಿಂದ ಹೆಸರು ತೆಗೆದರೂ ಜಮೀನು ಇದ್ದಲ್ಲೇ ಇರುವಂತೆ, ಹಾರ್ಡ್ ಡಿಸ್ಕಿನಲ್ಲಿ ಅಳಿಸಿಹೋಗುವುದು ಕಡತದ ನಮೂದು ಮಾತ್ರ. ಆ ಜಾಗದಲ್ಲಿ ಹೊಸದೇನಾದರೂ ಬರೆಯುವವರೆಗೆ ಫೋಟೊರೆಕ್‌ನಂಥ ತಂತ್ರಾಂಶ ಅದನ್ನು ಹೆಕ್ಕಬಲ್ಲದು.

ಎಸ್‌ಎಸ್‌ಡಿ ಬಂದ ಮೇಲೆ ಈ ಅವಕಾಶ ಕುಗ್ಗಿದೆ. ಕಡತ ಅಳಿಸಿದೊಡನೆ 'ಟ್ರಿಮ್' ಆದೇಶ ಹೋಗುತ್ತದೆ. ಡ್ರೈವ್ ಆ ಜಾಗವನ್ನು ತಾನಾಗಿಯೇ ಖಾಲಿ ಮಾಡಿಕೊಳ್ಳುತ್ತದೆ. 2018ರ ಮ್ಯಾಕ್‌ಬುಕ್ ಪ್ರೊಗಳಲ್ಲಿ ಸಂಗ್ರಹದ ಚಿಪ್‌ಗಳು ಬೋರ್ಡಿಗೇ ಬೆಸುಗೆಯಾಗಿವೆ, ಡೇಟಾ ಟಿ2 ಚಿಪ್ಪಿನ ಮೂಲಕ ಎನ್‌ಕ್ರಿಪ್ಟ್ ಆಗಿರುತ್ತದೆ. ಚಿಪ್ ಕಿತ್ತರೂ ಸಿಗುವುದು ಅರ್ಥವಿಲ್ಲದ ಅಂಕಿಗಳೇ. ಹಾಗಾಗಿ ಇಲ್ಲಿ ಕ್ರಮವೇ ತಿರುಗುತ್ತದೆ: ಡೇಟಾ ಬೇಕೆಂದರೆ ಅದೇ ಬೋರ್ಡಿಗೆ ಮೊದಲು ಜೀವ ತುಂಬಬೇಕು. ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಚಾಲೂ ಇದ್ದರೆ ಡಿಸ್ಕನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆಯಲು 48 ಅಂಕಿಗಳ ರಿಕವರಿ ಕೀ ಬೇಕು. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಇದು ಮಾಲೀಕರ ಗಮನಕ್ಕೆ ಬಾರದೆಯೇ ಚಾಲೂ ಆಗಿ, ಕೀ ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಕುಳಿತಿರುತ್ತದೆ. ರಿಪೇರಿಗೆ ಕೊಡುವ ಮೊದಲೇ ಅದನ್ನು ಬರೆದಿಟ್ಟುಕೊಳ್ಳಬೇಕು.