ಲಿಂಬೆ ಸಸಿ ನಾಟಿ: ಬೇರಿನ ರಕ್ಷಣೆಯೇ ಮುಖ್ಯ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನಬಾಗೇವಾಡಿ ತಾಲ್ಲೂಕುಗಳಲ್ಲಿ ಲಿಂಬೆ ಬೆಳೆಯಲಾಗುತ್ತದೆ. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಗಿಡ ಫಸಲು ನೀಡಲು ಮೂರ್ನಾಲ್ಕು ವರ್ಷ ಬೇಕಿರುವುದರಿಂದ, ನಾಟಿ ಹಂತದಲ್ಲೇ ಸಸಿ ಸತ್ತರೆ ಬೆಳೆಗಾರನಿಗೆ ಹಣದ ಜತೆಗೆ ಕಾಲವೂ ನಷ್ಟ.

ಕಾರಣ: ಸಸಿಯನ್ನು ಕಿತ್ತು ನೆಡುವಾಗ ನೀರು ಹೀರುವ ಎಳೆಬೇರುಗಳು ಹರಿಯುತ್ತವೆ. ಎಲೆಗಳಿಂದ ನೀರು ಆವಿಯಾಗುವುದು ಮಾತ್ರ ನಿಲ್ಲದು. ಹೀಗಾಗಿ ಸಸಿ ಬಾಡುತ್ತದೆ.

ನಾಟಿ ಕ್ರಮ: ಜೂನ್-ಜುಲೈನಲ್ಲಿ ಮಳೆಯಾಗಿ ನೆಲ ತಂಪಾದ ಮೇಲೆ, ಸಂಜೆ ವೇಳೆ ನೆಡುವುದು ಸೂಕ್ತ. ಹಿಂದಿನ ದಿನವೇ ಸಸಿಗೆ ನೀರುಣಿಸಬೇಕು. ಪ್ಲಾಸ್ಟಿಕ್ ಚೀಲ ಸೀಳುವಾಗ ಬೇರಿನ ಸುತ್ತಲಿನ ಮಣ್ಣಿನ ಮುದ್ದೆ ಒಡೆಯಬಾರದು. ನರ್ಸರಿಯಲ್ಲಿದ್ದಷ್ಟೇ ಆಳಕ್ಕೆ ನೆಡಬೇಕು. ಕಾಂಡ ಹೂತರೆ ಬುಡ ಕೊಳೆಯುವ ಅಪಾಯವಿದೆ.

ಆರೈಕೆ: ಗಾಳಿಗೆ ಅಲುಗದಂತೆ ಕೋಲಿನ ಆಸರೆ ನೀಡಿ, ಕಾಂಡಕ್ಕೆ ತಾಗದಂತೆ ಸುತ್ತ ಕಬ್ಬಿನ ರವದಿ ಹೊದಿಸಬೇಕು. ಎರೆ ಭೂಮಿಯಲ್ಲಿ ನೀರು ನಿಂತರೂ ಬೇರಿಗೆ ಗಾಳಿ ಸಿಗದೆ ಸಸಿ ಬಾಡುತ್ತದೆ. ಇದನ್ನು ನೀರಿನ ಕೊರತೆಯೆಂದು ಭಾವಿಸಿ ಮತ್ತೆ ನೀರು ಹಾಯಿಸಿದರೆ ಸಸಿ ಉಳಿಯದು. ಮಣ್ಣನ್ನು ಬೆರಳುದ್ದ ಕೆದಕಿ, ತೇವ ನೋಡಿಯೇ ನೀರು ಕೊಡಬೇಕು.

ಎಲೆ ಉದುರಿದ ಮಾತ್ರಕ್ಕೆ ಸಸಿ ಕೀಳುವುದು ಬೇಡ. ತೊಗಟೆಯನ್ನು ಉಗುರಿನಿಂದ ಗೀರಿದಾಗ ಒಳಗೆ ಹಸಿರಿದ್ದರೆ ಜೀವವಿದೆ ಎಂದರ್ಥ. ಹೊಸ ಚಿಗುರು ಬರುವವರೆಗೆ ರಾಸಾಯನಿಕ ಗೊಬ್ಬರ ಹಾಕಬಾರದು.